ತಂತಿಯ ಬೆಲೆ, ಕಿವಿಯ ಸಾಕ್ಷಿ

ಧಾರವಾಡ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಸಂಗೀತವು ಪರಕೀಯ ವಸ್ತುವಲ್ಲ. ಕುಂದಗೋಳದ ಸವಾಯಿ ಗಂಧರ್ವರು (1886–1952), ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಧಾರವಾಡದ ಹತ್ತಿರದ ಮನಸೂರಿನ ಮಲ್ಲಿಕಾರ್ಜುನ ಮನಸೂರರು (1910–1992) ಇವರೆಲ್ಲರೂ ಈ ನೆಲದ ನೀರು ಕುಡಿದವರು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿಯ ನಿಲಯವು ಆರಂಭವಾದ ಮೇಲೆ ಇಂತಹವರ ಗಾಯನವು ಎರೆಹೊಲಗಳ ನಡುವಣ ಹಳ್ಳಿಗಳಿಗೂ ಹರಿದು ಬಂದಿತು. ನವಲಗುಂದ ತಾಲೂಕಿನ ಮೊರಬ ನನ್ನ ಊರು. ಸಂಜೆ ಹೊಲದಿಂದ ಬಂದ ನಮ್ಮ ತಂದೆಯವರು ಕೈಕಾಲು ತೊಳೆದುಕೊಂಡು ರೇಡಿಯೊದ ಮುಂದೆ ಕುಳಿತರೆಂದರೆ, ಹಾಡು ಮುಗಿಯುವವರೆಗೆ ಮನೆಯಲ್ಲಿ ಯಾರೂ ಮಾತನಾಡುವಂತಿರಲಿಲ್ಲ.

ಆ ರುಚಿಯು ಈಗ ಮೂರನೆಯ ತಲೆಮಾರಿಗೆ ಇಳಿದಿದೆ. ನನ್ನ ಅಣ್ಣನ ಮಗನು ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಓದುತ್ತಿದ್ದಾನೆ. ಯಾರೋ ಬಳಸಿದ ಒಂದು ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರುಗಳನ್ನೂ ಅಗ್ಗದಲ್ಲಿ ಕೊಂಡು ತಂದು, ಅವನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿ, ಅಜ್ಜನಿಗೆ ಪ್ರಿಯವಾದ ಮನಸೂರರ ಹಾಡುಗಳನ್ನು ಕೇಳಿಸುವ ಏರ್ಪಾಡು ಮಾಡಿದ್ದನು. ಕಳೆದ ರಜೆಯಲ್ಲಿ ನಾನು ಊರಿಗೆ ಹೋದಾಗ ಅವನು ಚಿಂತೆಯಲ್ಲಿದ್ದನು.

“ಕಾಕಾ, ಹಾಡಿನ ಹಿಂದ ಒಂದ ಸಮನ ಗುಂಯ್ ಅಂತೈತಿ. ಕೇಬಲ್ ಬದಲಿ ಮಾಡು ಅಂದ್ರು. ಹೊಸಾದು ತಂದೆ, ಆದರೂ ಹೋಗವಲ್ದು.”

ಹೊಸ ಕೇಬಲನ್ನು ನೋಡಿದೆನು. ಒಂದು ಮೀಟರು ಉದ್ದ, ಹೆಬ್ಬೆರಳಿನ ದಪ್ಪ, ಮೇಲೆ ರೇಷ್ಮೆಯಂತಹ ಹೆಣಿಗೆ, ತುದಿಗಳಲ್ಲಿ ಬಂಗಾರದ ಲೇಪವುಳ್ಳ ಪ್ಲಗ್ಗುಗಳು, ಮೈಮೇಲೆ ಹಾಡು ಯಾವ ಕಡೆಗೆ ಹರಿಯಬೇಕೆಂದು ತೋರಿಸುವ ಬಾಣದ ಗುರುತು. ಬೆಲೆ 4,800 ರೂಪಾಯಿ. ಸುಗ್ಗಿಯಲ್ಲಿ ಹೆಸರು ಬಿಡಿಸುವ ಕೂಲಿಗೆ ಹೋಗಿ ಅವನು ಗಳಿಸಿದ ಹಣವೆಲ್ಲವೂ ಅದರಲ್ಲಿ ಸೇರಿತ್ತು. ಒಂದು ವಾರದೊಳಗೆ ಹಿಂದಿರುಗಿಸಬಹುದೆಂಬ ಕರಾರು ಮಾತ್ರ ಇತ್ತು. ಗುಂಯ್‌ಗುಡುವಿಕೆ ನಿಲ್ಲಲಿಲ್ಲವೆಂದು ಅಂಗಡಿಯವರಿಗೆ ಫೋನ್ ಮಾಡಿದಾಗ, ಆಂಪ್ಲಿಫೈಯರಿನ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪನೆಯ ಕಡ್ಡಿಯನ್ನು ಕತ್ತರಿಸಿಬಿಡು ಎಂಬ ಸಲಹೆ ಬಂದಿತ್ತಂತೆ. ಅವನು ಇಕ್ಕಳವನ್ನು ಹುಡುಕುತ್ತಿದ್ದ ಸಮಯಕ್ಕೆ ನಾನು ಹೋದುದು ಒಳ್ಳೆಯದಾಯಿತು.

“ಆದರ ಒಂದ ಮಾತು ಖರೆ, ಕಾಕಾ. ಗುಂಯ್ ಹೋಗಲಿಲ್ಲ ಅನ್ನೂದ ಬಿಟ್ರ, ದನಿ ಭಾಳ ತಿಳಿ ಆಗೇತಿ” ಎಂದನು.

ಈ ಕೊನೆಯ ಮಾತೇ ನನ್ನನ್ನು ಈ ಲೇಖನ ಬರೆಯಲು ಪ್ರೇರಿಸಿದುದು. ಧ್ವನಿ ನಿಜವಾಗಿಯೂ ತಿಳಿಯಾಗಿತ್ತೆ? ಅಥವಾ 4,800 ರೂಪಾಯಿಗಳು ಅವನ ಕಿವಿಯಲ್ಲಿ ಕುಳಿತು ಮಾತನಾಡಿದವೆ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಸಂಗೀತದ ಉಪಕರಣಕ್ಕೆ ಬೇಕಾದುದು ದೃಢವಾದ, ಅಗ್ಗವಾದ, ಗಿಡ್ಡನೆಯ ಕೇಬಲು. ಅದಕ್ಕಿಂತ ಹೆಚ್ಚಿನ ಹಣವನ್ನು ಅದರ ಮೇಲೆ ಸುರಿಯುವುದು ವ್ಯರ್ಥ. ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಲೆಕ್ಕ ಮಾಡಿಯೂ, ಕಣ್ಣು ಮುಚ್ಚಿ ಕೇಳಿಯೂ ಪ್ರತಿಯೊಬ್ಬ ವಿದ್ಯಾರ್ಥಿಯು ತಾನೇ ಪರೀಕ್ಷಿಸಬಹುದು.

ಕೇಬಲಿನ ಕೆಲಸವೇನು?

ಕಂಪ್ಯೂಟರಿನಿಂದಲೋ ರೇಡಿಯೊದಿಂದಲೋ ಹೊರಡುವ ಧ್ವನಿಸಂಕೇತವು ಏರಿಳಿಯುವ ಒಂದು ಸಣ್ಣ ವೋಲ್ಟೇಜು. ಅದನ್ನು ಆಂಪ್ಲಿಫೈಯರಿಗೆ ಒಯ್ಯುವುದೇ ಈ ಕೇಬಲಿನ ಕೆಲಸ. ಅದರ ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತಲೂ ವಿದ್ಯುತ್ತನ್ನು ಹರಿಯಗೊಡದ ಪ್ಲಾಸ್ಟಿಕ್ಕು, ಅದರ ಮೇಲೆ ಸಣ್ಣ ತಂತಿಗಳನ್ನು ಜಾಳಿಗೆಯಂತೆ ಹೆಣೆದ ಕವಚ, ಎಲ್ಲಕ್ಕೂ ಮೇಲೆ ರಕ್ಷಣೆಯ ಹೊದಿಕೆ ಇರುತ್ತವೆ. ಹೆಣೆದ ಕವಚವು ಎರಡು ಕೆಲಸಗಳನ್ನು ಮಾಡುತ್ತದೆ: ಸಂಕೇತಕ್ಕೆ ಮರಳುವ ದಾರಿಯಾಗುತ್ತದೆ, ಮನೆಯ ವಿದ್ಯುತ್ ತಂತಿಗಳಿಂದ ಹೊರಡುವ ಉಪದ್ರವವನ್ನು ಒಳಗೆ ಬಿಡದೆ ತಡೆಯುತ್ತದೆ.

ಈ ಕೇಬಲಿನಲ್ಲಿ ಸಂಕೇತವು ಎಷ್ಟು ಕ್ಷಯಿಸುತ್ತದೆ? ನಡುವಿನ ತಂತಿಯ ಅಡ್ಡಕೊಯ್ತದ ಕ್ಷೇತ್ರವು 0.2 ಚದರ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ತಾಮ್ರದ ವಿಶಿಷ್ಟ ರೋಧವು ಮೀಟರು ಲೆಕ್ಕದಲ್ಲಿ ಒಂದು ಓಮಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ, ಅಂದರೆ 0.0000000168 ಓಮ್-ಮೀಟರು. ಇದರಿಂದ ಒಂದು ಮೀಟರು ತಂತಿಯ ರೋಧವು 0.084 ಓಮ್ ಆಗುತ್ತದೆ. ಹೋಗುವ ಮತ್ತು ಬರುವ ದಾರಿಗಳೆರಡನ್ನೂ ಉದಾರವಾಗಿ ಸೇರಿಸಿ 0.2 ಓಮ್ ಎಂದು ಹಿಡಿಯೋಣ. ಆಂಪ್ಲಿಫೈಯರಿನ ಒಳದ್ವಾರದ ರೋಧವು ಸಾಮಾನ್ಯವಾಗಿ 10,000ದಿಂದ 50,000 ಓಮುಗಳು, 20,000 ಎನ್ನೋಣ. ಈ ಎರಡು ರೋಧಗಳು ಸರಣಿಯಲ್ಲಿರುವುದರಿಂದ ವೋಲ್ಟೇಜು ಅವುಗಳ ಪ್ರಮಾಣಕ್ಕೆ ಅನುಸಾರವಾಗಿ ಹಂಚಿಹೋಗುತ್ತದೆ. ಕೇಬಲಿನಲ್ಲಿ ನಷ್ಟವಾಗುವುದು ಲಕ್ಷದಲ್ಲಿ ಒಂದು ಪಾಲು.

ಲಕ್ಷದಲ್ಲಿ ಒಂದು ಪಾಲೆಂದರೆ ಒಂದು ಕ್ವಿಂಟಲ್ ಹೆಸರಿನಲ್ಲಿ ಒಂದು ಗ್ರಾಂ. ಯಾವ ದಲಾಲನೂ ಆ ಒಂದು ಗ್ರಾಮಿಗಾಗಿ ಜಗಳವಾಡುವುದಿಲ್ಲ. ಇನ್ನು ತಾಮ್ರವನ್ನು ಬಿಟ್ಟು ಬೆಳ್ಳಿಯ ತಂತಿಯನ್ನು ಹಾಕಿದರೆ ಏನಾದೀತು? ಬೆಳ್ಳಿಯ ರೋಧವು ತಾಮ್ರದ ರೋಧಕ್ಕಿಂತ ನೂರಕ್ಕೆ ಐದರಷ್ಟು ಮಾತ್ರ ಕಡಿಮೆ. ಅಂದರೆ ಕಳೆದುಹೋದ ಆ ಒಂದು ಗ್ರಾಮಿನಲ್ಲಿ ಇಪ್ಪತ್ತನೆಯ ಒಂದು ಪಾಲು ಉಳಿಯಿತು. ಒಂದು ಕ್ವಿಂಟಲಿನಲ್ಲಿ ಹೆಚ್ಚು ಕಡಿಮೆ ಒಂದೇ ಒಂದು ಹೆಸರು ಕಾಳು! ಈ ಒಂದು ಕಾಳಿಗಾಗಿ ಬೆಳ್ಳಿಯ ಬೆಲೆ ಕೊಡುವವರನ್ನು ನಮ್ಮ ಊರಿನ ಒಕ್ಕಲಿಗರು ಏನೆಂದಾರು?

“ಆಮ್ಲಜನಕರಹಿತ ತಾಮ್ರ” ಎಂಬ ಇನ್ನೊಂದು ಗುಣವನ್ನೂ ಜಾಹೀರಾತುಗಳು ಹೊಗಳುತ್ತವೆ. ಅಂತಹ ತಾಮ್ರವು ಇರುವುದು ನಿಜ; ಕೆಲವು ಕೈಗಾರಿಕೆಗಳಲ್ಲಿ ಅದು ಅವಶ್ಯವೂ ಹೌದು. ಆದರೆ ವಿದ್ಯುದ್ವಾಹಕತೆಯ ದೃಷ್ಟಿಯಿಂದ ಅದಕ್ಕೂ, ವಿದ್ಯುತ್ ಕೆಲಸಗಳಿಗೆ ಬಳಸುವ ಸಾಮಾನ್ಯ ಶುದ್ಧ ತಾಮ್ರಕ್ಕೂ ಇರುವ ವ್ಯತ್ಯಾಸವು ನೂರಕ್ಕೆ ಒಂದರಷ್ಟು ಮಾತ್ರ. ಇನ್ನು ಬಾಣದ ಗುರುತು: ಧ್ವನಿಸಂಕೇತವು ಪ್ರತ್ಯಾವರ್ತಿ ಪ್ರವಾಹ. ಅದು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ತೊಟ್ಟಿಲಿಗೆ ಬಾಣದ ಗುರುತು ಹಾಕಿದರೆ ಅದು ಒಂದೇ ಕಡೆಗೆ ತೂಗೀತೆ? ಕೆಲವು ಕೇಬಲುಗಳಲ್ಲಿ ಹೊರಗಿನ ಕವಚವನ್ನು ಒಂದೇ ತುದಿಗೆ ಜೋಡಿಸಿರುತ್ತಾರೆ. ಅಲ್ಲಿ ಮಾತ್ರ ಆ ಗುರುತಿಗೆ ಒಂದು ಅರ್ಥವುಂಟು. ಅದು ಕೂಡ ಉಪದ್ರವವನ್ನು ತಡೆಯುವುದಕ್ಕೆ, ಹಾಡಿನ ದಿಕ್ಕಿಗೆ ಅಲ್ಲ.

ತಾರ ಸ್ವರಗಳ ಪ್ರಶ್ನೆ

“ರೋಧವಿರಲಿ, ಕೇಬಲು ತಾರ ಸ್ವರಗಳನ್ನು ತಿಂದುಹಾಕುವುದಿಲ್ಲವೆ?” ಎಂದು ತಿಳಿದವರು ಕೇಳಬಹುದು. ಇದು ಯೋಗ್ಯವಾದ ಪ್ರಶ್ನೆ. ನಡುವಿನ ತಂತಿಯೂ ಹೊರಗಿನ ಕವಚವೂ ಸೇರಿ ಒಂದು ಧಾರಕವಾಗುತ್ತವೆ. ಸಾಮಾನ್ಯ ಕೇಬಲಿನಲ್ಲಿ ಅದರ ಧಾರಕತೆಯು ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಸಂಕೇತವನ್ನು ಕಳುಹಿಸುವ ಉಪಕರಣದ ಹೊರದ್ವಾರದ ರೋಧವು 1,000 ಓಮ್ ಇದ್ದರೆ, ಸಂಕೇತವು ಗಣನೀಯವಾಗಿ ಕುಗ್ಗಲು ತೊಡಗುವುದು ಸುಮಾರು 16 ಲಕ್ಷ ಹರ್ಟ್ಸ್ ಆವೃತ್ತಿಯಲ್ಲಿ. ಮನುಷ್ಯನ ಕಿವಿಯ ಮೇಲಿನ ಎಲ್ಲೆ 20,000 ಹರ್ಟ್ಸ್. ಅದೂ ತಾರುಣ್ಯದಲ್ಲಿ ಮಾತ್ರ. ಎಲ್ಲೆಗಿಂತ 80 ಪಟ್ಟು ಆಚೆ ನಡೆಯುವ ಕುಗ್ಗುವಿಕೆಯಿಂದ ನಮ್ಮ ಹಾಡಿಗೆ ಬಾಧೆಯಿಲ್ಲ.

ದೂರ ಹೆಚ್ಚಿದರೆ ಮಾತು ಬೇರೆ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲ ತಂತಿಯಲ್ಲಿ ಸಂದೇಶಗಳು ಕಲಸಿಹೋಗಿ, ಕೆಲವೇ ಶಬ್ದಗಳನ್ನು ಕಳುಹಿಸಲು ಬಹಳ ಹೊತ್ತು ಹಿಡಿಯುತ್ತಿದ್ದಿತು. ಆ ತಂತಿಯು ಕೆಲವು ವಾರಗಳಲ್ಲಿಯೇ ಕೆಟ್ಟಿತು. ಉದ್ದನೆಯ ತಂತಿಯಲ್ಲಿ ಸಂಕೇತವು ಏಕೆ ಹರಡುತ್ತದೆಂಬುದನ್ನು ವಿಲಿಯಂ ಥಾಮ್ಸನ್ನರೂ, ತರುವಾಯ ಆಲಿವರ್ ಹೆವಿಸೈಡರೂ ಗಣಿತದಿಂದ ವಿವರಿಸಿದರು. ಅದು ಸಾವಿರಾರು ಕಿಲೋಮೀಟರುಗಳ ಸಮಸ್ಯೆ. ನಮ್ಮ ಕೇಬಲಿನಲ್ಲಿ 20,000 ಹರ್ಟ್ಸ್ ಸಂಕೇತದ ತರಂಗದ ಉದ್ದವು ಸುಮಾರು 10 ಕಿಲೋಮೀಟರು. ಅದರ ಮುಂದೆ ಒಂದು ಮೀಟರು ಯಾವ ಲೆಕ್ಕ? ಸಾಗರದ ಶಾಸ್ತ್ರವನ್ನು ತಂದು ತಂಬಿಗೆಯ ನೀರಿಗೆ ಹಚ್ಚಿ ಹೆದರಿಸುವವರ ಮಾತಿಗೆ ಮರುಳಾಗಬಾರದು.

ಆದರೆ ಕೇಬಲಿನ ಗುಣವು ಎಲ್ಲಿಯೂ ಮುಖ್ಯವಲ್ಲವೆಂದರೆ ಅದೂ ಸತ್ಯಕ್ಕೆ ದೂರ. ಹಳೆಯ ಗ್ರಾಮೊಫೋನ್ ತಟ್ಟೆಗಳನ್ನು ನುಡಿಸುವ ಯಂತ್ರದ ಕಾಂತೀಯ ಮುಳ್ಳಿನಲ್ಲಿ ದೊಡ್ಡ ಸುರುಳಿಯಿರುತ್ತದೆ. ಅದರ ಪ್ರೇರಕತೆಯು ಅರ್ಧ ಹೆನ್ರಿಯಷ್ಟಿರಬಹುದು. ಅದಕ್ಕೆ 250 ಪಿಕೊಫ್ಯಾರಡ್ ಧಾರಕತೆಯು ಸೇರಿದರೆ ಸುಮಾರು 14,000 ಹರ್ಟ್ಸ್‌ನಲ್ಲಿ ಅನುರಣನವುಂಟಾಗಿ ಧ್ವನಿಯ ಬಣ್ಣವು ಬದಲಾಗುತ್ತದೆ. ಅಲ್ಲಿ ಕಡಿಮೆ ಧಾರಕತೆಯ ಗಿಡ್ಡ ಕೇಬಲನ್ನು ಆರಿಸುವುದು ಅವಶ್ಯ. ಹಾಗೆಯೇ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಯ ಲೆಕ್ಕವೂ ಬೇರೆ. ಸ್ಪೀಕರಿನ ರೋಧವು 8 ಓಮ್ ಮಾತ್ರವಿರುವುದರಿಂದ ತಂತಿಯ ದಪ್ಪಕ್ಕೆ ಅಲ್ಲಿ ಬೆಲೆಯುಂಟು. 5 ಮೀಟರು ದೂರಕ್ಕೆ 0.75 ಚದರ ಮಿಲಿಮೀಟರಿನ ತಂತಿ ಎಳೆದರೆ ಹೋಗಿಬರುವ ದಾರಿಯ ರೋಧವು 0.22 ಓಮ್, 2.5 ಚದರ ಮಿಲಿಮೀಟರಿನದಾದರೆ 0.07 ಓಮ್. ದಪ್ಪ ತಂತಿ ಮೇಲು. ಆದರೆ ಅದಕ್ಕೆ ಮನೆಯ ವೈರಿಂಗಿಗೆ ಬಳಸುವ ಸಾಮಾನ್ಯ ತಾಮ್ರದ ತಂತಿಯೇ ಸಾಕು.

ಗುಂಯ್‌ಗುಡುವಿಕೆಯ ಮೂಲ

ಈಗ ಮೊರಬದ ಮನೆಯ ಕಥೆಗೆ ಹಿಂದಿರುಗೋಣ. ನಮ್ಮ ದೇಶದ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಸ್ಪೀಕರಿನಲ್ಲಿ ಕೇಳಿಬರುತ್ತಿದ್ದ ಗುಂಯ್‌ಗುಡುವಿಕೆ ಅದರದೇ ಸ್ವರ. ಕಂಪ್ಯೂಟರು ಪಡಸಾಲೆಯ ಪ್ಲಗ್ಗಿನಲ್ಲಿಯೂ ಆಂಪ್ಲಿಫೈಯರು ಒಳಮನೆಯ ಪ್ಲಗ್ಗಿನಲ್ಲಿಯೂ ಇದ್ದವು. ಒಳಮನೆಯನ್ನು ಕಟ್ಟಿಸಿದಾಗ ಅದಕ್ಕೆ ಹಿತ್ತಲಿನಲ್ಲಿ ಬೇರೆ ಅರ್ಥಿಂಗ್ ಗುಂಡಿ ತೋಡಿಸಿದ್ದರು. ಬೇಸಗೆಯಲ್ಲಿ ಎರೆಮಣ್ಣು ಒಣಗಿ ಬಾಯಿಬಿಟ್ಟಾಗ ಗುಂಡಿಯ ರೋಧವು ಏರುತ್ತದೆ. ಹೀಗಾಗಿ ಎರಡು ಅರ್ಥಿಂಗುಗಳ ನಡುವೆ ಸ್ವಲ್ಪ ವೋಲ್ಟೇಜು ಉಂಟಾಗಿ, ಎರಡು ಯಂತ್ರಗಳನ್ನು ಕೂಡಿಸುವ ಕೇಬಲಿನ ಕವಚದ ಮೂಲಕವೇ ಪ್ರವಾಹವು ಹರಿಯತೊಡಗಿತ್ತು.

ಆ ಪ್ರವಾಹವು 50 ಮಿಲಿಆಂಪಿಯರ್, ಕವಚದ ರೋಧವು 0.05 ಓಮ್ ಎಂದು ಊಹಿಸಿದರೆ ಅಲ್ಲಿ ಹುಟ್ಟುವ ವೋಲ್ಟೇಜು 2.5 ಮಿಲಿವೋಲ್ಟು. ಹಾಡಿನ ಸಂಕೇತವು 300 ಮಿಲಿವೋಲ್ಟು ಇದ್ದರೆ ಉಪದ್ರವವು ಅದರ 120ನೆಯ ಒಂದು ಪಾಲು. ಇದು ಹೆಸರು ಕಾಳಿನ ಲೆಕ್ಕವಲ್ಲ. ಬರಿಯ ತಂಬೂರಿ ಮಿಡಿಯುತ್ತಿರುವಾಗ ಸ್ಪಷ್ಟವಾಗಿ ಕೇಳಿಸತಕ್ಕ ಉಪದ್ರವ. ದಟ್ಟವಾಗಿ ಹೆಣೆದ, ಕಡಿಮೆ ರೋಧದ ಕವಚವಿದ್ದರೆ ಇದು ಕಡಿಮೆಯಾಗುತ್ತದೆ. ಕೇಬಲಿನಲ್ಲಿ ನಾಲ್ಕು ಕಾಸು ಹೆಚ್ಚು ಕೊಡಬಹುದಾದ ಗುಣವೊಂದಿದ್ದರೆ ಅದು ಈ ಕವಚ. ಮೇಲಿನ ರೇಷ್ಮೆಯ ಹೆಣಿಗೆಯಲ್ಲ.

ಪರಿಹಾರವು ಸುಲಭವಾಗಿತ್ತು. ಎರಡೂ ಯಂತ್ರಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಚ್ಚಿದೆವು. ಎರಡಕ್ಕೂ ಒಂದೇ ಅರ್ಥಿಂಗ್ ಆಯಿತು, ಗುಂಯ್‌ಗುಡುವಿಕೆ ನಿಂತಿತು. ಒಂದು ಪೈಸೆಯ ಖರ್ಚಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪ್ಲಗ್ಗಿನ ದಪ್ಪನೆಯ ಕಡ್ಡಿಯನ್ನು ಕತ್ತರಿಸಿದ್ದರೂ ಆ ಸದ್ದು ನಿಲ್ಲುತ್ತಿತ್ತು! ಸುಳಿದಾಡುವ ಪ್ರವಾಹದ ದಾರಿ ಕಡಿದುಹೋಗುತ್ತಿತ್ತಲ್ಲವೆ? ಈ ಸಲಹೆಯು ಅಪಾಯಕಾರಿಯಾಗುವುದು ಇದರಿಂದಲೇ; ಅದು ಫಲಿಸುತ್ತದೆ. ಆದರೆ ಮುಂದೆಂದಾದರೂ ಆಂಪ್ಲಿಫೈಯರಿನೊಳಗೆ ತಂತಿಯೊಂದು ಕಳಚಿ ಲೋಹದ ಪೆಟ್ಟಿಗೆಯನ್ನು ಮುಟ್ಟಿದರೆ, ಆ ಪ್ರವಾಹವನ್ನು ನೆಲಕ್ಕಿಳಿಸಿ ಫ್ಯೂಸನ್ನು ಸುಡತಕ್ಕ ದಾರಿಯೇ ಇರುವುದಿಲ್ಲ. ಪೆಟ್ಟಿಗೆಯು 230 ವೋಲ್ಟಿನಲ್ಲಿ ಸುಮ್ಮನೆ ಕಾದು ಕುಳಿತಿರುತ್ತದೆ. ಮುಟ್ಟಿದವನ ಮೈಯೇ ಅದಕ್ಕೆ ದಾರಿ. ಸಾರಿಸಿದ ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಮುಟ್ಟುವವರು ಅಜ್ಜನೋ ಮೊಮ್ಮಗನೋ ಆಗಬಹುದು. ವಿದ್ಯಾರ್ಥಿಗಳೇ, ಆ ಮೂರನೆಯ ಕಡ್ಡಿಯನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿರಿ. ಕತ್ತರಿಸೆಂದು ಹೇಳುವವರು ಎಷ್ಟೇ ಅನುಭವಿಗಳಾಗಿದ್ದರೂ ಒಪ್ಪಬೇಡಿರಿ.

ಕಣ್ಣು ಮುಚ್ಚಿದ ಮೇಲೆ

ಸದ್ದು ನಿಂತಿತು. ಆದರೆ “ದನಿ ತಿಳಿ ಆಗೇತಿ” ಎಂಬ ಮಾತು ಉಳಿದೇ ಇತ್ತು. ಹುಡುಗನು ಸುಳ್ಳು ಹೇಳುವವನಲ್ಲ. ನಿಜ ಹೇಳಬೇಕೆಂದರೆ, ಎರಡು ಕೇಬಲುಗಳನ್ನೂ ಬದಲಿಸಿ ಬದಲಿಸಿ ಕೇಳಿದಾಗ ನನಗೂ ದುಬಾರಿಯ ಕೇಬಲಿನಲ್ಲಿ ಸ್ವರವು ಕೊಂಚ ಮೃದುವಾದಂತೆ ಭಾಸವಾಯಿತು.

ಪ್ರಾಮಾಣಿಕರೂ ವಿದ್ವಾಂಸರೂ ಇಂತಹ ಭ್ರಮೆಗೆ ಹೊರತಲ್ಲ. 1903ರಲ್ಲಿ ಫ್ರಾನ್ಸ್ ದೇಶದ ನ್ಯಾನ್ಸಿ ನಗರದ ಭೌತಶಾಸ್ತ್ರಜ್ಞ ಬ್ಲಾಂಡ್ಲೊ ಎಂಬವರು “ಎನ್ ಕಿರಣ”ಗಳೆಂಬ ಹೊಸ ಕಿರಣಗಳನ್ನು ಕಂಡುಹಿಡಿದೆನೆಂದು ಪ್ರಕಟಿಸಿದರು. ಕತ್ತಲೆಯ ಕೋಣೆಯಲ್ಲಿ ಒಂದು ಮಂದವಾದ ಬೆಳಕು ಸ್ವಲ್ಪ ಹೆಚ್ಚುವುದನ್ನು ಕಣ್ಣಿನಿಂದ ಗಮನಿಸುವುದೇ ಆ ಕಿರಣಗಳಿಗೆ ಆಧಾರ. ಬೇರೆ ಅನೇಕ ವಿಜ್ಞಾನಿಗಳೂ ತಮಗೆ ಅವು ಕಂಡವೆಂದರು. 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ಎಂಬ ಭೌತಶಾಸ್ತ್ರಜ್ಞರು ಅಲ್ಲಿಗೆ ಹೋಗಿ, ಪ್ರಯೋಗವು ನಡೆಯುತ್ತಿರುವಾಗ ಕತ್ತಲೆಯಲ್ಲಿ ಯಾರಿಗೂ ತಿಳಿಯದಂತೆ ಉಪಕರಣದ ಮುಖ್ಯ ಭಾಗವಾದ ಅಲ್ಯುಮಿನಿಯಮ್ ಪಟ್ಟಕವನ್ನೇ ತೆಗೆದಿಟ್ಟರು. ಆದರೂ ಕಿರಣಗಳು ಮೊದಲಿನಂತೆಯೇ “ಕಾಣುತ್ತಿದ್ದವು”! ಅಲ್ಲಿಗೆ ಎನ್ ಕಿರಣಗಳ ಕಥೆಯು ಬಹುಮಟ್ಟಿಗೆ ಮುಗಿಯಿತು. ಬ್ಲಾಂಡ್ಲೊ ಅವರು ಮೋಸಗಾರರಾಗಿರಲಿಲ್ಲ. ಕಾಣಬೇಕೆಂದು ನಿರೀಕ್ಷಿಸಿದುದನ್ನು ಕಂಡರು, ಅಷ್ಟೆ.

ಆದುದರಿಂದ ನಾವೂ ವುಡ್ ಅವರ ದಾರಿಯನ್ನೇ ಹಿಡಿದೆವು. ನವಲಗುಂದದ ಪೇಟೆಯಿಂದ 150 ರೂಪಾಯಿಯ ಒಂದು ಸಾದಾ ಕೇಬಲನ್ನು ತರಿಸಿದೆವು. ಪಡಸಾಲೆಯಲ್ಲಿ ಅಡ್ಡಲಾಗಿ ಹಗ್ಗ ಕಟ್ಟಿ ಅದರ ಮೇಲೆ ಕೌದಿಯನ್ನು ಇಳಿಬಿಟ್ಟೆವು. ಕೌದಿಯ ಹಿಂದೆ ನನ್ನ ಅಣ್ಣ, ಮುಂದೆ ಹುಡುಗ. ಅಣ್ಣನು ಪ್ರತಿಸಲವೂ ನಾಣ್ಯವನ್ನು ಚಿಮ್ಮಿ, ರಾಜಮುದ್ರೆ ಬಿದ್ದರೆ ದುಬಾರಿಯ ಕೇಬಲನ್ನು, ಇಲ್ಲವಾದರೆ ಸಾದಾ ಕೇಬಲನ್ನು ಜೋಡಿಸಿ, ಮಾತನಾಡದೆ ಕಾಗದದಲ್ಲಿ ಬರೆದುಕೊಳ್ಳಬೇಕು. ಎರಡು ನಿಮಿಷ ಅದೇ ಹಾಡು, ಅದೇ ಎತ್ತರದ ಧ್ವನಿ. ಹುಡುಗನು ಯಾವ ಕೇಬಲೆಂದು ತನ್ನ ಕಾಗದದಲ್ಲಿ ಬರೆಯಬೇಕು. ಹೀಗೆ 16 ಸಲ. ಬರಿಯ ಊಹೆಯಿಂದಲೇ ಸುಮಾರು 8 ಸರಿಯಾಗುತ್ತವೆ. ಊಹೆಯಿಂದ 12 ಅಥವಾ ಹೆಚ್ಚು ಸರಿಯಾಗುವ ಸಂಭವವು ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಆದುದರಿಂದ 12 ಬಂದರೆ ಕಿವಿಯ ಸಾಕ್ಷಿಯನ್ನು ಮನ್ನಿಸಿ ಕೇಬಲನ್ನು ಇಟ್ಟುಕೊಳ್ಳತಕ್ಕದ್ದೆಂದು ಮೊದಲೇ ಒಪ್ಪಂದವಾಯಿತು.

ಹುಡುಗನಿಗೆ ಬಂದುದು 9. ನನಗೆ ಬಂದುದು 7.

ಅವನ ಮುಖ ಸಣ್ಣದಾಯಿತು. ಆಗ ಅಷ್ಟೂ ಹೊತ್ತು ಗೋಡೆಗೊರಗಿ ಕೇಳುತ್ತ ಕುಳಿತಿದ್ದ ನಮ್ಮ ತಂದೆಯವರು ಅಂದರು: “ಯಾಕ ಮುಖಾ ಬಾಡಿಸ್ತೀಯೋ ತಮ್ಮಾ? ಎರಡರಾಗೂ ಅವರ ಹಾಡ್ಯಾರಲ್ಲ!”

ಒಂದು ಮನೆಯ 16 ಪರೀಕ್ಷೆಗಳಿಂದ ಜಗತ್ತಿನ ಎಲ್ಲ ಕೇಬಲುಗಳ ವಿಷಯ ತೀರ್ಮಾನವಾಯಿತೆಂದು ನಾನು ಹೇಳುವುದಿಲ್ಲ. ಆ ಕೇಬಲಿನಿಂದ ಆ ಕಿವಿಗಳಿಗೆ ಗುರುತಿಸಬಹುದಾದ ವ್ಯತ್ಯಾಸವು ತೋರಲಿಲ್ಲ ಎಂಬಷ್ಟೇ ಸಿದ್ಧವಾಯಿತು. ಆದರೆ 4,800 ರೂಪಾಯಿಯನ್ನು ಕೊಡಬೇಕೆ ಎಂಬ ಪ್ರಶ್ನೆಗೆ ಅಷ್ಟೇ ಸಾಕು.

“ಅಳತೆಗೆ ಸಿಕ್ಕದ ಸೂಕ್ಷ್ಮಗಳು ಸಂಗೀತದಲ್ಲಿವೆ, ಅವು ಉಪಕರಣಕ್ಕೆ ತಿಳಿಯವು, ರಸಿಕರ ಕಿವಿಗೆ ತಿಳಿಯುತ್ತವೆ” ಎಂದು ವಾದಿಸುವವರುಂಟು. ಕಿವಿಯ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಗಾಯಕರು ಶ್ರುತಿಯ ಎಷ್ಟು ಸೂಕ್ಷ್ಮ ಭೇದಗಳನ್ನು ಗುರುತಿಸುತ್ತಿದ್ದರೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆದರೆ ಕೌದಿಯ ಹಿಂದಿನ ಪರೀಕ್ಷೆಯಲ್ಲಿ ಅಳತೆಯ ಉಪಕರಣವೇ ಇರಲಿಲ್ಲ. ಅಲ್ಲಿ ತೀರ್ಪು ಕೊಟ್ಟುದು ಕಿವಿಯೇ. ನಾವು ತೆಗೆದುಹಾಕಿದುದು ಕಣ್ಣನ್ನೂ ಬೆಲೆಚೀಟಿಯನ್ನೂ ಮಾತ್ರ. ಕಣ್ಣು ಮುಚ್ಚಿದೊಡನೆ ಮಾಯವಾಗುವ ಮಾಧುರ್ಯವು ತಂತಿಯಲ್ಲಿ ಇದ್ದುದಲ್ಲ. 2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿಯವರು, ಸಾವಿರಾರು ಡಾಲರ್ ಬೆಲೆಯ ಸ್ಪೀಕರ್ ತಂತಿಯನ್ನು ಸಾದಾ ತಂತಿಯಿಂದ ಹೀಗೆ ಗುರುತಿಸಿ ತೋರಿಸಿದರೆ 10 ಲಕ್ಷ ಡಾಲರ್ ಕೊಡುವೆನೆಂದು ಸಾರಿದ್ದರು. ಆ ಪರೀಕ್ಷೆಯು ಕೊನೆಗೂ ನಡೆಯಲಿಲ್ಲ. ನಡೆಯದ ಪರೀಕ್ಷೆಯಿಂದ ಏನೂ ಸಿದ್ಧವಾಗದು, ನಿಜ. ಆದರೆ ನಮ್ಮ ಪರೀಕ್ಷೆಗೆ ಡಾಲರುಗಳು ಬೇಡ. ಒಂದು ಕೌದಿ, ಒಂದು ನಾಣ್ಯ ಸಾಕು.

ಕೊಳ್ಳುವವರಿಗೆ ಕೆಲವು ಮಾತುಗಳು

ಹಾಗಾದರೆ ಎಂತಹ ಕೇಬಲನ್ನು ಕೊಳ್ಳಬೇಕು? ಮೊದಲನೆಯದಾಗಿ, ಅವಶ್ಯಕತೆಗಿಂತ ಉದ್ದವಾದುದು ಬೇಡ. ಒಂದು ಮೀಟರಿನಲ್ಲಿ ಮುಗಿಯುವ ಕೆಲಸಕ್ಕೆ ಐದು ಮೀಟರು ಕೊಂಡು ಸಿಂಬೆ ಸುತ್ತಿಡುವುದರಿಂದ ಉಪದ್ರವಕ್ಕೆ ಎಡೆ ಹೆಚ್ಚುತ್ತದೆ. ಎರಡನೆಯದಾಗಿ, ನಡುತಂತಿಯ ಸುತ್ತಲೂ ದಟ್ಟವಾದ ತಾಮ್ರದ ಹೆಣಿಗೆಯ ಕವಚವಿರಲಿ. ಬೆರಳೆಣಿಕೆಯ ಎಳೆಗಳನ್ನು ಸುಮ್ಮನೆ ಸುತ್ತಿದ ತೀರ ಅಗ್ಗದ ಕೇಬಲನ್ನು ಬಿಡಬೇಕು. ಮೂರನೆಯದಾಗಿ, ಪ್ಲಗ್ಗುಗಳು ಬಿಗಿಯಾಗಿ ಕೂಡಬೇಕು. ಹಿಡಿದು ಅಲುಗಾಡಿಸಿದಾಗ ಕರಕರ ಸದ್ದು ಬರಬಾರದು. ಕೇಬಲುಗಳು ಕೆಡುವುದು ನಡುವಿನಲ್ಲಲ್ಲ, ತುದಿಗಳಲ್ಲಿ. ಬಂಗಾರದ ಲೇಪವು ಕಿಲುಬು ಹಿಡಿಯದಿರುವುದಕ್ಕೆ ಒಳ್ಳೆಯದು, ಧ್ವನಿಯನ್ನು ಹೆಚ್ಚಿಸುವುದಕ್ಕಲ್ಲ. ವರ್ಷಕ್ಕೆ ಒಂದೆರಡು ಸಲ ಪ್ಲಗ್ಗುಗಳನ್ನು ಕಳಚಿ ಒರೆಸಿ ಮತ್ತೆ ಹಚ್ಚುವುದರಿಂದಲೂ ಬಹುಮಟ್ಟಿಗೆ ಅದೇ ಫಲವುಂಟು. ನಾಲ್ಕನೆಯದಾಗಿ, ಕೇಬಲನ್ನು ವಿದ್ಯುತ್ ತಂತಿಗಳ ಜೊತೆಗೆ ಕಟ್ಟಬಾರದು; ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಬೇಕು.

ಎಲ್ಲಕ್ಕಿಂತ ಉತ್ತಮವೆಂದರೆ ಕೈಯಿಂದಲೇ ಮಾಡಿಕೊಳ್ಳುವುದು. ಮೈಕಿಗೆ ಬಳಸುವ ಕವಚದ ತಂತಿಯು ಪೇಟೆಯಲ್ಲಿ ಮೀಟರು ಲೆಕ್ಕದಲ್ಲಿ ದೊರೆಯುತ್ತದೆ. ಅದರ ಎರಡು ತುಂಡುಗಳು, ನಾಲ್ಕು ಪ್ಲಗ್ಗುಗಳು, ಬೆಸುಗೆಯ ಕಡ್ಡಿ, ಅರ್ಧ ತಾಸಿನ ತಾಳ್ಮೆ ಇಷ್ಟು ಸಾಮಗ್ರಿ ಸಾಕು. ಓಮಿನ ನಿಯಮವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ ವಿದ್ಯಾರ್ಥಿಗೆ ತಾನೇ ಬೆಸೆದ ಕೇಬಲಿನಿಂದ ಹಾಡು ಕೇಳಿಬಂದಾಗ ಆಗುವ ಸಂತೋಷವನ್ನು ಯಾವ ಅಂಗಡಿಯೂ ಮಾರಲಾರದು.

ಉಳಿದ ಹಣವನ್ನು ಎಲ್ಲಿ ಹಾಕಬೇಕು? ಮೊದಲು ಸ್ಪೀಕರಿನಲ್ಲಿ, ಅನಂತರ ಕೋಣೆಯಲ್ಲಿ. ಎರಡು ಸ್ಪೀಕರುಗಳ ನಡುವಿನ ಭೇದವು ಯಾರಿಗಾದರೂ ಕಣ್ಣು ಮುಚ್ಚಿಯೇ ತಿಳಿಯುವಂತಹುದು. ನಮ್ಮ ಹೊಸ ಮನೆಗಳ ಸಿಮೆಂಟಿನ ಗೋಡೆಗಳೂ ನುಣುಪಾದ ನೆಲವೂ ಧ್ವನಿಯನ್ನು ಪ್ರತಿಫಲಿಸಿ ಸ್ವರಗಳನ್ನು ಕಲಸಿಬಿಡುತ್ತವೆ. ನೆಲಕ್ಕೆ ನವಲಗುಂದದ ಒಂದು ಜಮಖಾನೆಯನ್ನು ಹಾಸಿ, ಸ್ಪೀಕರುಗಳಿಗೆ ಎದುರಾದ ಗೋಡೆಯಿಂದ ಒಂದು ಗೇಣು ಮುಂದಕ್ಕೆ ದಪ್ಪನೆಯ ಕೌದಿಯನ್ನು ಇಳಿಬಿಟ್ಟು ನೋಡಿರಿ. ಅವು ತಗ್ಗಿನ ಸ್ವರಗಳನ್ನು ಅಷ್ಟಾಗಿ ಹೀರಲಾರವಾದರೂ, ಮೇಲಿನ ಸ್ವರಗಳ ಕರ್ಕಶವು ಇಳಿದು ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಕೊನೆಯದಾಗಿ ಮೂಲದ ಮಾತು. ಮಧ್ಯಮ ತರಂಗದ ನಿಲಯಗಳ ನಡುವಿನ ಅಂತರವೇ 9,000 ಹರ್ಟ್ಸ್ ಆಗಿರುವುದರಿಂದ ಸಾಮಾನ್ಯ ರೇಡಿಯೊದಲ್ಲಿ ಸುಮಾರು 4,500 ಹರ್ಟ್ಸ್‌ನ ಆಚಿನದು ನಮಗೆ ತಲುಪುವುದೇ ಕಡಿಮೆ. ಬಾರದುದನ್ನು ಯಾವ ಕೇಬಲು ತಂದುಕೊಟ್ಟೀತು? ಬಾವಿಯಲ್ಲಿ ಇಲ್ಲದ ನೀರು ಬೆಳ್ಳಿಯ ಕೊಡಕ್ಕೆ ಬಾರದು.

ನಮ್ಮ ಹುಡುಗನು ಕೇಬಲನ್ನು ಹಿಂದಿರುಗಿಸಿದನು. ಅಂಗಡಿಯವರು ತಕರಾರಿಲ್ಲದೆ ಹಣವನ್ನು ಮರಳಿಸಿದರು. ಅದರಲ್ಲಿ ಒಂದಿಷ್ಟು ಹಿತ್ತಲಿನ ಅರ್ಥಿಂಗ್ ಗುಂಡಿಯನ್ನು ಸರಿಪಡಿಸುವುದಕ್ಕೂ, ಒಂದಿಷ್ಟು ಒಂದು ಮಲ್ಟಿಮೀಟರಿಗೂ ಹೋಯಿತು. ಉಳಿದುದು ಸ್ಪೀಕರಿಗೆಂದು ಕೂಡಿಬೀಳುತ್ತಿದೆ.

ವಾಚಕರಲ್ಲಿ ಕೆಲವರು, ಒಂದು ಕೇಬಲಿಗಾಗಿ ಇಷ್ಟೊಂದು ಮಾತೇಕೆಂದು ಕೇಳಬಹುದು. ಮಾತು ಕೇಬಲಿನದಷ್ಟೇ ಅಲ್ಲ. ಅಂಗೈಯ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಹೊಲದಲ್ಲಿ ನಡೆದು, ಇಲ್ಲಿಯೇ ನೀರಿದೆ, ಬೋರು ಕೊರೆಸು ಎನ್ನುವವರನ್ನು ನಂಬಿ ನಮ್ಮ ರೈತರು ಸಾಲ ಮಾಡುವುದನ್ನು ನಾವು ಕಾಣುತ್ತೇವೆ. ಅವರ ಕೈಯಲ್ಲಿ ಕಾಯಿ ಏಳುವುದು ಸುಳ್ಳೆಂದು ಗದರಿಸುವುದರಿಂದ ಫಲವಿಲ್ಲ; ಅವರಲ್ಲಿಯೂ ಬಹುಮಂದಿ ಪ್ರಾಮಾಣಿಕರೇ. ಅವರ ಕಣ್ಣಿಗೆ ಬಟ್ಟೆ ಕಟ್ಟಿ ಅದೇ ಹೊಲದಲ್ಲಿ ಮತ್ತೊಮ್ಮೆ ನಡೆಸಿ, ಕಾಯಿ ಅದೇ ಸ್ಥಳದಲ್ಲಿ ಏಳುವುದೇ ನೋಡೋಣವೆಂದು ವಿನಯದಿಂದ ಕೇಳಬಲ್ಲ ಒಬ್ಬ ವಿದ್ಯಾರ್ಥಿ ಪ್ರತಿ ಊರಿನಲ್ಲಿಯೂ ಇರಬೇಕು. 150 ರೂಪಾಯಿಯ ಕೇಬಲಿನ ಮೇಲೆ ಆ ಅಭ್ಯಾಸವನ್ನು ಮಾಡಿಕೊಂಡವನು ಲಕ್ಷ ರೂಪಾಯಿಯ ಬೋರಿನ ಮುಂದೆಯೂ ಅದನ್ನು ಮರೆಯಲಾರನು.